ಹೆಸರಘಟ್ಟ ರಸ್ತೆಯ ಕಾಂಪೌಂಡರ್ ಅಂಗಡಿ: ಬರದಲ್ಲಿ ಹುಟ್ಟಿದ ಕರುವಿಗೆ ಏನು ಕೊಳ್ಳಬೇಕು, ಏನು ಬೇಡ

ಚಿಕ್ಕಬಾಣಾವರ ದಾಟಿ ಹೆಸರಘಟ್ಟದ ಕಡೆಗೆ ಹೋಗುವಾಗ ಎಡಗಡೆಗೆ ಸಿಗುವ ಅಂಗಡಿ ಇದು. ಬೋರ್ಡಿನಲ್ಲಿ ಬೇರೆ ಹೆಸರಿದೆ, ಆದರೆ ನಮ್ಮ ಕಡೆಯವರೆಲ್ಲ ಕರೆಯುವುದು ಕಾಂಪೌಂಡರ್ ಅಂಗಡಿ ಅಂತಲೇ. ನಡೆಸುವವರು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮುಂದುಗಡೆ ಹಿಂಡಿ, ಬೂಸಾ, ಜೋಳದ ನುಚ್ಚಿನ ಮೂಟೆಗಳು. ಒಳಗೆ ಗಾಜಿನ ಬೀರುವಿನಲ್ಲಿ ಔಷಧಿ. ಅದರ ಪಕ್ಕದ ಗೋಡೆಯ ತುಂಬ ಕರುವಿಗೆ ಬೇಕಾದ ಸಾಮಾನು ನೇತುಹಾಕಿದ್ದಾರೆ. ನಾನು ಬರೆಯುತ್ತಿರುವುದು ಆ ಒಂದು ಗೋಡೆಯ ಬಗ್ಗೆ. ಹಿಂಡಿ ಬೂಸಾ ಎಲ್ಲಿ ಬೇಕಾದರೂ ಸಿಗುತ್ತದೆ.

ಅಂಗಡಿಗೆ ಐದರಲ್ಲಿ ನಾಲ್ಕು ಸ್ಟಾರ್. ಒಂದು ಕಳೆದದ್ದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ಹಸು ಕಟ್ಟಿ ಸಂಸಾರ ತೂಗಿಸುವವಳು. ಎಲ್ಲವೂ ಸೀಮೆ ಹಸು, ಹಾಲು ಹಾಕುವುದು ಊರ ಸೊಸೈಟಿಗೆ. 2023ರ ಮುಂಗಾರು ಕೈಕೊಟ್ಟು, ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸಾರಿತಲ್ಲ, ಆ ವರ್ಷ ನಮ್ಮ ಕೊಟ್ಟಿಗೆಯಲ್ಲಿ ಗಬ್ಬದ ಹಸುಗಳೇ ಹೆಚ್ಚಿದ್ದವು. ಮುಂದಿನ ಬೇಸಿಗೆಯಲ್ಲಿ, ಬೋರ್‌ವೆಲ್ ನಿಂತು ಟ್ಯಾಂಕರ್‌ಗೆ ಕಾಯುವ ಹೊತ್ತಿನಲ್ಲಿ, ಒಂದರ ಹಿಂದೆ ಒಂದು ಈದವು. ಆಗ ಈ ಗೋಡೆಯಿಂದ ಏನೇನು ತಂದೆ, ಅದರಲ್ಲಿ ಯಾವುದು ಕರುವಿನ ಜೀವಕ್ಕಾಯಿತು, ಯಾವುದು ಇಲ್ಲದಿದ್ದರೂ ನಡೆಯುತ್ತಿತ್ತು ಅನ್ನುವುದು ಇನ್ನೊಬ್ಬರಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ. ಬರ ಮತ್ತೆ ಬರುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ.

ಮೊದಲು ಒಂದು ಮಾತು. ಬರದ ಏಟು ಕರು ಹುಟ್ಟುವ ಮೊದಲೇ ಬಿದ್ದಿರುತ್ತದೆ. ಹೊಟ್ಟೆಯೊಳಗಿನ ಕರು ಹೆಚ್ಚು ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಅದೇ ಹೊತ್ತಿಗೆ ತಾಯಿಯನ್ನು ಬತ್ತಿಸಿರುತ್ತೇವೆ, ಅಂದರೆ ಹಾಲು ಕರೆಯುವುದನ್ನು ನಿಲ್ಲಿಸಿರುತ್ತೇವೆ. ಮೇವು ಸಾಲದ ಮನೆಯಲ್ಲಿ ಇರುವಷ್ಟು ಹಿಂಡಿ ಕರೆಯುವ ಹಸುವಿಗೆ ಹೋಗುತ್ತದೆ, ಬತ್ತಿದ ಹಸುವಿಗೆ ಬರೀ ರಾಗಿ ಹುಲ್ಲು. ನೇಪಿಯರ್ ಹುಲ್ಲು ಬುಡಸಮೇತ ಒಣಗಿದ ವರ್ಷ ಹಸಿರು ಅಂತ ಒಂದು ಎಸಳೂ ಆ ತಾಯಿಯ ಬಾಯಿಗೆ ಬಿದ್ದಿರುವುದಿಲ್ಲ. ಹಸಿರಿಲ್ಲದಿದ್ದರೆ ಎ ಜೀವಸತ್ವ ಇಲ್ಲ. ಅದು ತಾಯಿಯಲ್ಲಿ ಇಲ್ಲದಿದ್ದರೆ ಗಿಣ್ಣಿನಲ್ಲೂ ಇಲ್ಲ, ಗಿಣ್ಣಿನಲ್ಲಿ ಇಲ್ಲದಿದ್ದರೆ ಕರುವಿಗೂ ಇಲ್ಲ. ಇಂಥ ಕರು ತೂಕ ಕಡಿಮೆ ಹುಟ್ಟುತ್ತದೆ, ಬೇಗ ಎದ್ದು ನಿಲ್ಲುವುದಿಲ್ಲ, ಮೊಲೆ ಹಿಡಿಯಲು ತಡಕಾಡುತ್ತದೆ. ಇದನ್ನು ಯಾವ ಅಂಗಡಿಯ ಯಾವ ಸಾಮಾನೂ ಪೂರ್ತಿ ಸರಿಮಾಡುವುದಿಲ್ಲ. ಬತ್ತಿದ ಹಸುವಿಗೆ ಕೊನೆಯ ಎರಡು ತಿಂಗಳು ದಿನಕ್ಕೆ ಒಂದೆರಡು ಕೆಜಿ ಪಶು ಆಹಾರ, ಒಂದು ಹಿಡಿ ಖನಿಜ ಮಿಶ್ರಣ, ಸಿಕ್ಕರೆ ಸೈಲೇಜ್ (ಹುದುಗಿಸಿಟ್ಟ ಹಸಿರು ಮೇವು) ಒಂದಿಷ್ಟು, ಇಷ್ಟು ಹೋಗಲೇಬೇಕು. ಉಳಿದ ಎಲ್ಲ ಖರ್ಚಿಗಿಂತ ಅದು ಅಗ್ಗ.

ನಮ್ಮ ಗೌರಿ 2024ರ ಮಾರ್ಚಿನಲ್ಲಿ ಈದಳು. ಹೆಣ್ಣುಗರು, ನೋಡಿದರೆ 22, 23 ಕೆಜಿ ಇರಬಹುದು ಅಷ್ಟೆ. ನಮ್ಮ ಮನೆಯಲ್ಲಿ ಹಿಂದೆ ಹುಟ್ಟಿದ ಕರುಗಳು 30ರ ಹತ್ತಿರ ಇರುತ್ತಿದ್ದವು. ಕರು ಇಷ್ಟು ಬಡವಾಗಿದೆ, ಹಾಲಿನ ಪುಡಿ ಕೊಡಿ ಅಂತ ಕೇಳಿಕೊಂಡು ಬೆಳಿಗ್ಗೆಯೇ ಈ ಅಂಗಡಿಗೆ ಹೋದೆ. ಅವರು ಪುಡಿಯ ಕಡೆ ಕೈಯನ್ನೇ ಚಾಚಲಿಲ್ಲ.

"ಎಷ್ಟೊತ್ತಿಗೆ ಈಯ್ತಮ್ಮ?"

"ಬೆಳಗಿನ ಜಾವ ನಾಲ್ಕಕ್ಕೆ ಅಣ್ಣ."

"ಗಿಣ್ಣು ಎಷ್ಟು ಬಂತು? ಕರು ಎಷ್ಟು ಕುಡೀತು?"

"ಒಂದೂವರೆ ಲೀಟ್ರು ಬಂತು. ಕುಡಿದಿದ್ದು ಮುಕ್ಕಾಲು ಲೀಟ್ರು ಇರಬೋದು."

"ಪುಡಿ ಆಮೇಲೆ ನೋಡೋಣ. ಉಳಿದಿರೋ ಗಿಣ್ಣು ಒಂದು ಚೂರು ತಗೊಂಡು ಬನ್ನಿ, ಹಂಗೇ ನಿಂತ್ಕೊಬೇಡಿ."

ಕೊಳ್ಳಲು ಹೋದವರನ್ನು ಬರಿಗೈಯಲ್ಲಿ ವಾಪಸ್ ಕಳಿಸುವ ಅಂಗಡಿಯವರು ಎಷ್ಟು ಜನ ಇದ್ದಾರೆ? ನಾಲ್ಕು ಸ್ಟಾರಿನಲ್ಲಿ ಎರಡು ಈ ಒಂದು ಕಾರಣಕ್ಕೇ.

ಅವರು ಗಿಣ್ಣು ನೋಡುವುದು ಬ್ರಿಕ್ಸ್ ಮೀಟರ್‌ನಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ದ್ರಾಕ್ಷಿ ಬೆಳೆಯುವವರು ಹಣ್ಣಿನ ಸಕ್ಕರೆ ನೋಡಲು ಇಟ್ಟುಕೊಂಡಿರುತ್ತಾರಲ್ಲ, ಅದೇ. ಗಾಜಿನ ಮೇಲೆ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ, ಬೆಳಕಿಗೆ ಹಿಡಿದು ಕಣ್ಣಿಟ್ಟರೆ ಗೆರೆ ಯಾವ ಅಂಕಿಯ ಮೇಲೆ ನಿಂತಿದೆ ಅಂತ ಕಾಣುತ್ತದೆ. 22 ಅಥವಾ ಅದಕ್ಕೂ ಮೇಲೆ ಬಂದರೆ ಗಿಣ್ಣಿನಲ್ಲಿ ರೋಗ ತಡೆಯುವ ಅಂಶ ಸಾಕಷ್ಟಿದೆ ಅಂತ ಅರ್ಥ. ಗೌರಿಯದು 18ರ ಮೇಲೆ ಏರಲಿಲ್ಲ. ಕಣ್ಣಿಗೆ ನೋಡಿದರೆ ಹಳದಿ ಬಣ್ಣ, ಗಟ್ಟಿಯಾಗಿಯೇ ಇತ್ತು. ಬಣ್ಣ ನೋಡಿ ಗಿಣ್ಣು ಚೆನ್ನಾಗಿದೆ ಅನ್ನುವ ನಮ್ಮ ಅಂದಾಜಿಗೆ ಅರ್ಥವಿಲ್ಲ ಅನ್ನುವುದು ನನಗೆ ಅವತ್ತು ಕಣ್ಣಾರೆ ಕಂಡಿತು. ಈ ಪರೀಕ್ಷೆಗೆ ಅವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಮೀಟರ್ ಮಾರಾಟಕ್ಕೂ ಇದೆ, ಸಾವಿರ ಚಿಲ್ಲರೆ. ವರ್ಷಕ್ಕೆ ಎರಡು ಮೂರು ಕರು ಹುಟ್ಟುವ ಮನೆಗೆ ಅದು ಬೇಕಿಲ್ಲ. ಸೊಸೈಟಿಗೊಂದು ಇದ್ದರೆ ಇಡೀ ಊರಿಗೆ ಸಾಕು. ನಮ್ಮ ಸೊಸೈಟಿಯ ಸಭೆಯಲ್ಲಿ ಇದನ್ನು ಕೇಳಿದ್ದೇನೆ, ಇನ್ನೂ ಕೇಳುತ್ತೇನೆ.

ಗಿಣ್ಣಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗ ತಡೆಯುವ ಶಕ್ತಿ ಪಡೆದಿರುತ್ತದೆ. ಕರುವಿಗೆ ಹಾಗಿಲ್ಲ, ಅದು ಬರಿಗೈಯಲ್ಲಿ ಹುಟ್ಟುತ್ತದೆ. ಆ ಶಕ್ತಿ ಬರುವುದು ಗಿಣ್ಣಿನಿಂದ ಮಾತ್ರ, ಅದೂ ಮೊದಲ ಕೆಲವು ಗಂಟೆಗಳಲ್ಲಿ. ಹೊತ್ತು ಹೋದಂತೆಲ್ಲ ಕರುಳು ಅದನ್ನು ಹೀರುವುದು ಕಡಿಮೆಯಾಗುತ್ತ ಬಂದು ಒಂದು ದಿನ ಕಳೆಯುವ ಹೊತ್ತಿಗೆ ಪೂರ್ತಿ ನಿಂತುಬಿಡುತ್ತದೆ. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು ಗಿಣ್ಣು ಹೋಗಬೇಕು. 25 ಕೆಜಿ ಕರುವಿಗೆ ಎರಡೂವರೆ ಲೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಎರಡು ಗಂಟೆಯಲ್ಲೇ, ಉಳಿದದ್ದು ಹನ್ನೆರಡು ಗಂಟೆ ತುಂಬುವುದರೊಳಗೆ.

ನಮ್ಮ ಹಳ್ಳಿಗಳಲ್ಲಿ ಇನ್ನೂ ಮಾಸು, ಅಂದರೆ ಹೊಟ್ಟೆಯಲ್ಲಿ ಕರುವನ್ನು ಸುತ್ತಿದ್ದ ಚೀಲ, ಬೀಳುವವರೆಗೆ ಕೆಚ್ಚಲಿಗೆ ಕೈ ಹಾಕಬಾರದು ಅನ್ನುತ್ತಾರೆ. ಮಾಸು ಬೀಳಲು ಆರೇಳು ಗಂಟೆ ಆಯಿತು ಅಂದರೆ ಕರು ಅಷ್ಟು ಹೊತ್ತೂ ಬಾಯಿ ಚಪ್ಪರಿಸುತ್ತ ಬಿದ್ದಿರುತ್ತದೆ. ಕರು ಮೊಲೆ ಚೀಪಿದರೆ ಮಾಸು ಬೀಳುವುದಕ್ಕೇ ಅನುಕೂಲ. ದಷ್ಟಪುಷ್ಟವಾದ ಕರು ಈ ಕಾಯುವಿಕೆಯನ್ನು ಹೇಗೋ ತಡೆದುಕೊಳ್ಳಬಹುದು, ಬರದ ವರ್ಷದ ಬಡಕಲು ಕರುವಿಗೆ ಆಗುವುದಿಲ್ಲ. ಇನ್ನೊಂದು, ಬೆಂಗಳೂರಿನಲ್ಲಿ ಗಿಣ್ಣಿಗೆ ಇರುವ ಗಿರಾಕಿ. ಬೆಲ್ಲ ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ನನಗೂ ಪ್ರಾಣ. ಸೊಸೈಟಿಯಲ್ಲಿ ಗಿಣ್ಣು ಹಾಲು ತೆಗೆದುಕೊಳ್ಳುವುದಿಲ್ಲ, ಅಪಾರ್ಟ್‌ಮೆಂಟಿನವರು ಹಾಲಿಗಿಂತ ಜಾಸ್ತಿ ಬೆಲೆ ಕೊಟ್ಟು ಕೇಳುತ್ತಾರೆ, ಕೈಯಲ್ಲಿ ಕಾಸಿಲ್ಲದ ಬೇಸಿಗೆಯಲ್ಲಿ ಯಾರಿಗೆ ಬೇಡವಾಗುತ್ತದೆ? ಮೂರನೆಯ ದಿನದ್ದು ಮಾರಿ. ಮೊದಲ ದಿನದ್ದು ಕರುವಿನದು. ಪೇಟೆಯಲ್ಲಿರುವವರು ಇದನ್ನು ಓದುತ್ತಿದ್ದರೆ ಅವರಿಗೂ ಇದೇ ಮಾತು: ಮೊದಲ ದಿನದ ಗಿಣ್ಣು ಕೇಳಬೇಡಿ.

ಈ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇದೆ. ಯಾರ ಮನೆಯಲ್ಲಿ ಹೆಚ್ಚುವರಿ ಗಿಣ್ಣು ಫ್ರೀಜರಿನಲ್ಲಿದೆ, ಯಾವ ತಾರೀಖಿನದು, ಬ್ರಿಕ್ಸ್ ಎಷ್ಟು, ಫೋನ್ ನಂಬರ್ ಏನು, ಎಲ್ಲ ಬರೆದಿಟ್ಟಿದ್ದಾರೆ. ನನ್ನ ಎದುರಿಗೇ ಮೂರು ಕಡೆಗೆ ಫೋನ್ ಮಾಡಿದರು. ತೋಟಗೆರೆ ಕಡೆಯ ಒಂದು ಮನೆಯಲ್ಲಿ ಇತ್ತು. ಆ ಮನೆಯವರಿಗೆ ನನ್ನ ಪರಿಚಯವೂ ಇರಲಿಲ್ಲ, ಒಂದು ಲೀಟರಿನ ಎರಡು ಬಾಟಲಿ ಎತ್ತಿ ಕೊಟ್ಟರು, ದುಡ್ಡು ಮುಟ್ಟಲಿಲ್ಲ. ಒಲೆಯ ಮೇಲೆ ಇಡಬೇಡಿ, ಕೈ ತಡೆಯುವಷ್ಟು ಬಿಸಿಯ ನೀರಿನ ಬಕೆಟ್ಟಿನಲ್ಲಿ ಬಾಟಲಿ ಮುಳುಗಿಸಿ ಕರಗಿಸಿ ಅಂತ ಅಂಗಡಿಯವರು ಮೊದಲೇ ಹೇಳಿ ಕಳಿಸಿದ್ದರು. ಕಾಯಿಸಿದರೆ ಗಿಣ್ಣು ಗಟ್ಟಿಯಾಗಿ ತಿನ್ನಲು ಬಂದೀತು, ಕರುವನ್ನು ಕಾಪಾಡುವ ಗುಣ ಹೋಗುತ್ತದೆ. ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ಕರುವಿಗೆ ಒಂದೂವರೆ ಲೀಟರ್ ಹೋಯಿತು, ಮಧ್ಯಾಹ್ನ ಇನ್ನಷ್ಟು. ಅವತ್ತು ಸಂಜೆಗೆ ಬಾಲ ಎತ್ತಿ ನಾಲ್ಕು ಹೆಜ್ಜೆ ಓಡಿತು. ಎ ಜೀವಸತ್ವದ ಇಂಜೆಕ್ಷನ್ ಡಾಕ್ಟರು ಬಂದು ಕೊಟ್ಟರು. ಆ ಕರು ಈಗ ಗಬ್ಬವಾಗಿದೆ.

ನೋಟ್‌ಬುಕ್ಕಿನಲ್ಲಿ ಒಂದು ಕಾಲಂ ಕಡಿಮೆ ಇದೆ, ಅದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಗಿಣ್ಣು ಕೊಟ್ಟ ಹಸುವಿಗೆ ಕಂದು ರೋಗ, ಅಂದರೆ ಬ್ರುಸೆಲ್ಲಾ ಇದೆಯೋ ಇಲ್ಲವೋ, ಕ್ಷಯ ಇದೆಯೋ ಇಲ್ಲವೋ, ಪರೀಕ್ಷೆ ಆಗಿದೆಯೋ ಅನ್ನುವುದು ಬರೆದಿಲ್ಲ. ಹಾಲಿನಲ್ಲಿ ಹರಡುವ ರೋಗಗಳು ಇವು, ಬ್ರುಸೆಲ್ಲಾ ನಮಗೂ ಅಂಟುತ್ತದೆ. ಗಬ್ಬ ಕಳೆದುಕೊಂಡ ಹಸುವಿನ ಗಿಣ್ಣನ್ನು ಪುಸ್ತಕಕ್ಕೆ ಸೇರಿಸುವುದಿಲ್ಲ ಅಂತ ಅವರು ಹೇಳುತ್ತಾರೆ. ಅದು ಸರಿ, ಆದರೆ ಸಾಲದು. 60 ಡಿಗ್ರಿಯಲ್ಲಿ ಒಂದು ಗಂಟೆ ಹಿಡಿದಿಟ್ಟರೆ ಗಿಣ್ಣಿನ ಗುಣ ಉಳಿದು ರೋಗಾಣು ಸಾಯುತ್ತವೆ, ಆದರೆ ಡಿಗ್ರಿ ಏರದಂತೆ ಕಾಯುವ ಸಲಕರಣೆ ಬೇಕು, ಮನೆಯ ಪಾತ್ರೆಯಲ್ಲಿ ಆಗುವ ಕೆಲಸ ಅಲ್ಲ. ಇಷ್ಟು ಒಳ್ಳೆಯ ಕೆಲಸ ಮಾಡುತ್ತಿರುವವರು ಇದನ್ನೂ ಮಾಡಬೇಕು ಅನ್ನುವುದು ನನ್ನ ಆಸೆ.

ಈಗ ಗೋಡೆಯ ಸಾಮಾನು.

ಎರಡು ಲೀಟರಿನ ನಿಪ್ಪಲ್ ಬಾಟಲಿ. ಕಣ್ಣು ಮುಚ್ಚಿ ಕೊಳ್ಳಿ. ಬಕೆಟ್ಟಿನಲ್ಲಿ ಬೆರಳು ಅದ್ದಿ ಕುಡಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ. ಕರು ತಲೆ ಎತ್ತಿ ಚೀಪುವಾಗ ಒಳಗೆ ಒಂದು ಮಡಿಕೆ ಕೊಳವೆಯಾಗಿ ಮುಚ್ಚಿಕೊಂಡು ಹಾಲು ನೇರ, ಕರುವಿಗಿರುವ ನಾಲ್ಕು ಹೊಟ್ಟೆಗಳಲ್ಲಿ ನಾಲ್ಕನೆಯದಕ್ಕೆ ಹೋಗುತ್ತದೆ. ಗಟಗಟ ಕುಡಿದರೆ ಒಂದಿಷ್ಟು ಮೊದಲ ಹೊಟ್ಟೆಗೆ ಬಿದ್ದು ಹುಳಿಯುತ್ತದೆ, ಆಮೇಲೆ ಹೊಟ್ಟೆ ಉಬ್ಬರ, ಭೇದಿ. ಬಾಟಲಿಯ ಪ್ಲಾಸ್ಟಿಕ್ ದಪ್ಪವಿದೆ, ಕರು ಗುದ್ದಿದರೂ ಒಡೆಯುವುದಿಲ್ಲ. ಅಳತೆಯ ಗೆರೆ ಮಾತ್ರ ತಿಂಗಳೊಳಗೆ ಅಳಿಸಿಹೋಯಿತು, ನಾನು ಮೊಳೆಯಿಂದ ಗೀಚಿಕೊಂಡಿದ್ದೇನೆ. ನಿಪ್ಪಲ್ ಬಿಡಿಯಾಗಿಯೂ ಕೊಡುತ್ತಾರೆ, ಇದು ದೊಡ್ಡ ಉಪಕಾರ, ಆನ್‌ಲೈನಿನಲ್ಲಿ ಬಾಟಲಿ ಸಮೇತವೇ ಕೊಳ್ಳಬೇಕಾಗುತ್ತದೆ. ಬಿಸಿಲಿಗೆ ಒಣಹಾಕಿದರೆ ರಬ್ಬರ್ ಸೀಳುತ್ತದೆ, ನೆರಳಿನಲ್ಲಿ ಒಣಗಿಸಿ. ತೂತು ದೊಡ್ಡದು ಮಾಡಬೇಡಿ. ಬೇಗ ಕುಡಿಯಲಿ ಅಂತ ಚಾಕುವಿನಲ್ಲಿ ಕೊಯ್ಯುವವರಿದ್ದಾರೆ, ಹಾಲು ಶ್ವಾಸಕ್ಕೆ ಹೋಗುತ್ತದೆ. ನೀರಿಗೆ ಬರ ಅಂತ ಬಾಟಲಿಯನ್ನು ಬರೀ ಕುಲುಕಿ ಇಡಬಾರದು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಜಾಲಿಸಿ, ಆಮೇಲೆ ಸೋಪು ಹಾಕಿ ಬಿಸಿನೀರಿನಲ್ಲಿ ಉಜ್ಜಿದರೆ ಒಟ್ಟು ಎರಡು ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಆ ಎರಡು ಲೀಟರನ್ನು ಬೇರೆ ಯಾವುದರಲ್ಲಾದರೂ ಉಳಿಸಿ.

ಟಿಂಚರ್ ಅಯೋಡಿನ್. ಹೊಕ್ಕಳು ಬಳ್ಳಿಗೆ. ಸವರುವುದಲ್ಲ, ಪುಟ್ಟ ಲೋಟದಲ್ಲಿ ಹಾಕಿ ಬಳ್ಳಿಯನ್ನು ಪೂರ್ತಿ ಅದ್ದಬೇಕು. ಬರದಲ್ಲಿ ಕೊಟ್ಟಿಗೆ ತೊಳೆಯಲು ನೀರಿರುವುದಿಲ್ಲ, ನೆಲದ ಗಲೀಜು ಹೊಕ್ಕಳಿನಿಂದ ಒಳಗೆ ಹೋಗಿ ಕೀಲು ಊದುವ ಕರುಗಳನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ. ಪುಟ್ಟ ಬಾಟಲಿಯ ಖರ್ಚು, ತಪ್ಪದೆ ತನ್ನಿ.

ಹಾಲಿನ ಪುಡಿ, ಅಂದರೆ ಮಿಲ್ಕ್ ರಿಪ್ಲೇಸರ್. ಎಲ್ಲರೂ ಕೇಳುವುದು ಇದನ್ನೇ, ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇನೆ. ನಾನು ಕೊಂಡಾಗ ಕೆಜಿಗೆ 250 ರೂಪಾಯಿ ಹತ್ತಿರ ಇತ್ತು. ಲೀಟರಿಗೆ 125 ಗ್ರಾಂ ಕಲೆಸಬೇಕು. ಅಲ್ಲಿಗೆ ಒಂದು ಲೀಟರಿಗೆ 31 ರೂಪಾಯಿ ಆಯಿತು. ಸೊಸೈಟಿಯಲ್ಲಿ ನಮಗೆ ಲೀಟರ್ ಹಾಲಿಗೆ ಸಿಗುತ್ತಿದ್ದದ್ದು ಮೂವತ್ತರ ಮೇಲೆ ಚಿಲ್ಲರೆ, ಜೊತೆಗೆ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ. ನೀರು ಕಾಯಿಸುವ ಸೌದೆ, ಒಳ್ಳೆಯ ನೀರು ತರುವ ಓಡಾಟ ಸೇರಿಸಿದರೆ ಉಳಿಯುವುದು ಏನೂ ಇಲ್ಲ. ಕರುವಿನ ಪಾಲಿನ ಹಾಲನ್ನು ಸೊಸೈಟಿಗೆ ಹಾಕಿ ಕರುವಿಗೆ ಪುಡಿ ಕುಡಿಸಿದರೆ ಲಾಭ ಅನ್ನುವ ಮಾತು ನಮ್ಮಂಥ ಸಣ್ಣ ಮನೆಗಳಿಗೆ ಹೊಂದುವುದಿಲ್ಲ. ಮೂರು ವಾರ ತುಂಬದ ಕರುವಿಗೆ ಹಾಲಿನದಲ್ಲದ ಪ್ರೋಟೀನ್ ಸರಿಯಾಗಿ ಅರಗುವುದೂ ಇಲ್ಲ. ಪುಡಿಯ ಚೀಲದ ಹಿಂದೆ ಸೋಯಾ ಮೊದಲು ಬರೆದಿದ್ದರೆ ಹಾಗೇ ವಾಪಸ್ ಇಡಿ, ಹಾಲಿನ ಪುಡಿ ಅಥವಾ ವೇ (ಒಡೆದ ಹಾಲಿನ ತಿಳಿನೀರಿನ ಪುಡಿ) ಮೊದಲು ಬರೆದಿರಬೇಕು.

ಪುಡಿ ಬೇಕಾಗುವ ಸಂದರ್ಭ ಬೇರೆ. ತಾಯಿ ಸತ್ತರೆ, ಹಾಲೇ ಇಳಿಯದಿದ್ದರೆ, ಕೆಚ್ಚಲು ಬಾವಾದರೆ. ನಮ್ಮ ತುಂಗೆ ಏಪ್ರಿಲ್‌ನಲ್ಲಿ ಈದು ಮೂರನೆಯ ವಾರಕ್ಕೆ ಕೆಚ್ಚಲು ಬಾವು ಬಂದು ಇಂಜೆಕ್ಷನ್ ಮೇಲೆ ಇದ್ದಳು. ಆ ಹಾಲು ಕರುವಿಗೂ ಆಗುವುದಿಲ್ಲ, ಸೊಸೈಟಿಗೂ ಆಗುವುದಿಲ್ಲ. ಆಗ ಪುಡಿ ಕರುವನ್ನು ಉಳಿಸಿತು. ಚೆನ್ನಾಗಿ ಕರಗುತ್ತದೆ, ಗಂಟು ಕಟ್ಟುವುದಿಲ್ಲ, ಕರು ಎರಡನೆಯ ದಿನಕ್ಕೇ ಒಗ್ಗಿಕೊಂಡಿತು. ದಿನವೂ ಅದೇ ಹೊತ್ತು, ಅದೇ ಅಳತೆ, ಅದೇ ಬಿಸಿ ಇರಬೇಕು, ಕುಡಿಸುವಾಗ 38, 39 ಡಿಗ್ರಿ. ಕೊಟ್ಟಿಗೆಯಲ್ಲಿ ಒಂದು ಥರ್ಮಾಮೀಟರ್ ಇರಲಿ.

ಪುಡಿ ಕಲೆಸುವ ನೀರಿನ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಬೇರೆ ಯಾರೂ ನನಗೆ ಹೇಳಿರಲಿಲ್ಲ. ಆ ಬೇಸಿಗೆಯಲ್ಲಿ ಟ್ಯಾಂಕರ್ ಬೆಲೆ ಕೈಮೀರಿ, ಮಾರ್ಚಿನಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಅಂತ ದರ ಕಟ್ಟಿತ್ತು. ಬರುವ ನೀರು ಆಳದ ಬೋರಿನದು, ಬಾಯಿಗೆ ಹಾಕಿದರೆ ಉಪ್ಪುಪ್ಪು. ದೊಡ್ಡ ಹಸು ಅದನ್ನೇ ಕುಡಿದು ಬದುಕುತ್ತದೆ. ಆದರೆ ಪುಡಿಯಲ್ಲಿ ಮೊದಲೇ ಉಪ್ಪಿನ ಅಂಶ ಇರುತ್ತದೆ, ಅದಕ್ಕೆ ಉಪ್ಪು ನೀರು ಸೇರಿದರೆ ಎಳೆಗರುವಿಗೆ ಭೇದಿ ಹಿಡಿಯುತ್ತದೆ. "ಪುಡಿ ಕಲೆಸೋ ಮೂರು ಲೀಟ್ರು ನೀರನ್ನ ಫಿಲ್ಟರ್ ಘಟಕದಿಂದ ತನ್ನಿ" ಅಂದರು. ಊರಿನ ಶುದ್ಧ ನೀರಿನ ಘಟಕದಲ್ಲಿ ಆಗ 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತಿತ್ತು. ಒಂದು ಕ್ಯಾನ್ ಕರುವಿಗೆ ವಾರದ ತನಕ ಬರುತ್ತದೆ. ತುಂಗೆಯ ಕರುವಿಗೆ ಒಂದು ದಿನವೂ ಭೇದಿ ಆಗಲಿಲ್ಲ.

ನೀರಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಹಾಲು ಕುಡಿಯುತ್ತದಲ್ಲ, ಕರುವಿಗೆ ನೀರು ಯಾಕೆ ಅಂತ ಕೇಳುವವರು ಬಹಳ. ಹಾಲು ಹೋಗುವುದು ನಾಲ್ಕನೆಯ ಹೊಟ್ಟೆಗೆ. ಮೊದಲ ಹೊಟ್ಟೆ ಬೆಳೆಯಬೇಕಾದರೆ ಅಲ್ಲಿಗೆ ನೀರೇ ಬೇಕು. ಮೊದಲ ವಾರದಿಂದಲೇ ಒಂದು ಸಣ್ಣ ಬಾನಿಯಲ್ಲಿ ತಿಳಿನೀರು ಇಡಿ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಬಿಸಿಲು ಬಿದ್ದಿತ್ತು. ಅಂಥ ದಿನ ಕರು ಹಾಲಿನ ಜೊತೆಗೆ ನಾಲ್ಕೈದು ಲೀಟರ್ ನೀರು ಕುಡಿಯುತ್ತದೆ. ಕರೆಯುವ ಹಸು ಒಂದೇ ದಿನಕ್ಕೆ 80 ಲೀಟರ್ ಎಳೆಯುವ ಮನೆಯಲ್ಲಿ ಕರುವಿನ ಈ ನಾಲ್ಕು ಲೀಟರ್ ಲೆಕ್ಕಕ್ಕೇ ಬರುವುದಿಲ್ಲ.

ಕಾಫ್ ಸ್ಟಾರ್ಟರ್, ಅಂದರೆ ಎಳೆಗರುವಿಗೆಂದೇ ಮಾಡಿದ ಕಾಳಿನ ಆಹಾರ. ಹಾಲು ಉಳಿಸಬೇಕು ಅನ್ನುವವರು ದುಡ್ಡು ಹಾಕಬೇಕಾದದ್ದು ಇಲ್ಲಿ, ಪುಡಿಯಲ್ಲಿ ಅಲ್ಲ. ಎರಡನೆಯ ವಾರದಿಂದ ಒಂದು ಹಿಡಿ ಇಟ್ಟು, ಹಾಲು ಕುಡಿದ ಕೂಡಲೇ ಬಾಯಿಗೆ ಸ್ವಲ್ಪ ಸವರಿ ರುಚಿ ಹಿಡಿಸಿದರೆ ಆಮೇಲೆ ತಾನೇ ತಿನ್ನುತ್ತದೆ. ಮೊದಲ ಹೊಟ್ಟೆಯ ಒಳಪದರ ಬೆಳೆಯುವುದು ಕಾಳಿನ ಆಹಾರದಿಂದ. ಹುಲ್ಲಿನಿಂದ ಹೊಟ್ಟೆ ಹಿಗ್ಗುತ್ತದೆ ಅಷ್ಟೆ, ಆ ಡೊಳ್ಳು ಹೊಟ್ಟೆಯನ್ನು ನೋಡಿ ಕರು ಚೆನ್ನಾಗಿದೆ ಅಂದುಕೊಳ್ಳಬೇಡಿ. ಮೂರು ದಿನ ಒಂದೇ ಸಮ ದಿನಕ್ಕೆ ಒಂದು ಕೆಜಿ ತಿಂದರೆ ಹಾಲು ಬಿಡಿಸಬಹುದು. ಚೆನ್ನಾಗಿ ತಿನ್ನುವ ಕರು ಎರಡು ತಿಂಗಳಿಗೆ ಆ ಹಂತಕ್ಕೆ ಬರುತ್ತದೆ. ಮೂರು ತಿಂಗಳು ಕುಡಿಸುವ ಬದಲು ಎರಡಕ್ಕೇ ಬಿಡಿಸಿದರೆ, ದಿನಕ್ಕೆ ಮೂರು ಲೀಟರಿನಂತೆ 90 ಲೀಟರ್ ಹಾಲು ಉಳಿಯಿತು. ಆಗಿನ ದರದಲ್ಲಿ ಅದು ಮೂರು ಸಾವಿರ ರೂಪಾಯಿ ಬಾಳುತ್ತಿತ್ತು. ಇಲ್ಲಿ ಸಿಗುವ ಸ್ಟಾರ್ಟರ್ ಘಮ ಇದೆ, ಧೂಳು ಕಡಿಮೆ, ಕರುಗಳು ಬಾನಿ ನೆಕ್ಕಿಬಿಡುತ್ತವೆ. ಆಗ ಕೆಜಿಗೆ ನಲವತ್ತರ ಆಸುಪಾಸು ಇತ್ತು. ದುಬಾರಿ ಅಂತ ದೊಡ್ಡ ಹಸುವಿನ ಪಶು ಆಹಾರ ಹಾಕಬೇಡಿ, ಅದರಲ್ಲಿ ಯೂರಿಯಾ ಇರಬಹುದು. ಬರದಲ್ಲಿ 100 ಕೆಜಿ ಹುಲ್ಲಿಗೆ 4 ಕೆಜಿ ಯೂರಿಯಾ ಹಾಕಿ ಉಪಚರಿಸುವುದನ್ನು ಕಲಿಸುತ್ತಾರಲ್ಲ, ದೊಡ್ಡ ಹಸುವಿಗೆ ಒಳ್ಳೆಯದೇ, ಆರು ತಿಂಗಳು ತುಂಬದ ಕರುವಿನ ಹತ್ತಿರಕ್ಕೂ ಅದು ಬರಬಾರದು. ಮಳೆಯಿಲ್ಲದೆ ಬಾಡಿದ ಎಳೆ ಜೋಳದ ಮೇವು ಹಸುವಿಗೂ ವಿಷ, ಕರುವಿಗೂ ವಿಷ.

ಉಳಿದವು ಬೇಗ ಹೇಳುತ್ತೇನೆ. ಹೊಟ್ಟೆಗೆ ಹಾಲು ಬಿಡುವ ಟ್ಯೂಬ್ ನೇತುಹಾಕಿದ್ದಾರೆ, ಕೈ ಪಳಗದವರು ಕೊಳ್ಳಲೇಬೇಡಿ, ದಾರಿ ತಪ್ಪಿದರೆ ಹಾಲು ಶ್ವಾಸಕೋಶಕ್ಕೆ. ಡಾಕ್ಟರ ಕೆಲಸ ಅದು. ಅಜೋಲಾ (ನೀರಿನ ಮೇಲೆ ತೇಲಿ ಬೆಳೆಯುವ ಮೇವು) ಬೆಳೆಯುವ ಹಾಳೆ ಬೇಡ, ನಿಂತ ನೀರು ದಿನವೂ ಆವಿಯಾಗುತ್ತದೆ, ಟ್ಯಾಂಕರ್ ನೀರಿನಲ್ಲಿ ಅದು ಗಿಟ್ಟುವುದಿಲ್ಲ. ಬಣ್ಣಬಣ್ಣದ ಟಾನಿಕ್ಕು ಕರುವಿಗೆ ಬೇಡ. ಜಂತುಹುಳದ ಔಷಧಿಯನ್ನು ಡಾಕ್ಟರನ್ನು ಕೇಳಿ, ಕರುವಿಗೆ ಎರಡು ವಾರ ತುಂಬುವ ಹೊತ್ತಿಗೆ ಒಂದು ಸಲ ಕೊಡಿ. ಓಆರ್‌ಎಸ್ ಪೊಟ್ಟಣ ಮನೆಯಲ್ಲಿ ಇರಲೇಬೇಕು. ಭೇದಿ ಆಯಿತು ಅಂತ ಹಾಲು ನಿಲ್ಲಿಸುವುದು ಕರುವನ್ನು ಉಪವಾಸ ಕೆಡವಿದಂತೆ. ಹಾಲೂ ಕೊಡಿ, ಓಆರ್‌ಎಸ್ ಕೂಡ ಕೊಡಿ, ಎರಡಕ್ಕೂ ನಡುವೆ ಎರಡು ಗಂಟೆ ಬಿಡಿ. ಕುತ್ತಿಗೆಯ ಚರ್ಮ ಹಿಡಿದೆತ್ತಿ ಬಿಟ್ಟಾಗ ಹಾಗೇ ನಿಂತರೆ, ಕಣ್ಣು ಒಳಗೆ ಹೋದರೆ, ಬಾಯಿ ತಣ್ಣಗಿದ್ದರೆ, ಅಂಗಡಿಗೆ ಓಡಬೇಡಿ, 1962ಕ್ಕೆ ಫೋನ್ ಮಾಡಿ. ಪಶು ಇಲಾಖೆಯ ಗಾಡಿ ಮನೆ ಬಾಗಿಲಿಗೇ ಬರುತ್ತದೆ.

ಇನ್ನು ಕಳೆದ ಆ ಒಂದು ಸ್ಟಾರ್. ಪುಡಿಯ 25 ಕೆಜಿ ಚೀಲ ಬಿಚ್ಚಿ ಬಿಡಿಯಾಗಿ ಪ್ಲಾಸ್ಟಿಕ್ ಕವರಿನಲ್ಲಿ ತೂಗಿ ಕೊಡುತ್ತಾರೆ. ಬಡವರು ಒಂದು ಕೆಜಿ ಎರಡು ಕೆಜಿ ಕೊಳ್ಳಲಿ ಅನ್ನುವ ಒಳ್ಳೆಯ ಮನಸ್ಸೇ ಇರಬಹುದು. ಆದರೆ ಕವರಿನ ಮೇಲೆ ತಯಾರಾದ ತಾರೀಖು ಇಲ್ಲ, ಮುಗಿಯುವ ತಾರೀಖು ಇಲ್ಲ, ಚೀಲ ಬಿಚ್ಚಿ ಎಷ್ಟು ದಿನವಾಯಿತು ಅನ್ನುವುದೂ ಇಲ್ಲ. ಅದರಲ್ಲಿರುವ ಕೊಬ್ಬು ಗಾಳಿಗೆ ಮುಗ್ಗುತ್ತದೆ. ನಾನು ಕೇಳಿದ ಮೇಲೆ ಚೀಲದ ಲೇಬಲ್ ತೋರಿಸಿದರು, ಕೇಳದವರಿಗೆ? ಒಂದು ಮಾರ್ಕರ್ ಪೆನ್ನಿನಲ್ಲಿ ಆಗುವ ಕೆಲಸ ಇದು. ಜೊತೆಗೆ, ಏಪ್ರಿಲ್‌ನಲ್ಲಿ ಬಹಳ ಮನೆಗಳ ಕರುಗಳಿಗೆ ಭೇದಿ ಹತ್ತಿದ್ದಾಗ ಓಆರ್‌ಎಸ್ ಖಾಲಿಯಾಗಿತ್ತು, ಮುಂಚೆಯೇ ತರಿಸಿಡಬೇಕಿತ್ತು. ಬಿಲ್ ಕೇಳಿದರೆ ಮಾತ್ರ ಬರೆಯುತ್ತಾರೆ.

ಹೋಗುವವರಿಗೆ: ಬೆಳಿಗ್ಗೆ ಸೊಸೈಟಿಗೆ ಹಾಲು ಹಾಕಿ ಬರುವ ಹೊತ್ತಿಗೆ ಬಾಗಿಲು ತೆರೆದಿರುತ್ತದೆ, ರಾತ್ರಿ ಎಂಟಕ್ಕೆ ಮುಚ್ಚುತ್ತಾರೆ, ಭಾನುವಾರ ಮಧ್ಯಾಹ್ನದ ಮೇಲೆ ಇರುವುದಿಲ್ಲ. ಗಿಣ್ಣು ಪರೀಕ್ಷೆಗೆ ಎರಡು ಚಮಚ ಸಾಕು, ತೊಳೆದು ಒಣಗಿಸಿದ ಬಾಟಲಿಯಲ್ಲಿ ತನ್ನಿ, ಮೊದಲ ಸಲ ಕರೆದದ್ದೇ ಆಗಿರಲಿ. ಹಸು ರಾತ್ರಿ ಹೊತ್ತೂ ಈಯಬಹುದು, ಆಗ ಯಾವ ಅಂಗಡಿಯೂ ತೆರೆದಿರುವುದಿಲ್ಲ. ಗಬ್ಬಕ್ಕೆ ಎಂಟು ತಿಂಗಳು ತುಂಬಿದಾಗಲೇ ಬಾಟಲಿ, ಒಂದು ಹೆಚ್ಚಿನ ನಿಪ್ಪಲ್, ಅಯೋಡಿನ್, ನಾಲ್ಕು ಪೊಟ್ಟಣ ಓಆರ್‌ಎಸ್ ತಂದಿಟ್ಟುಕೊಂಡು, ನೋಟ್‌ಬುಕ್ಕಿನಲ್ಲಿ ಯಾರ ಮನೆಯ ಗಿಣ್ಣು ಹತ್ತಿರದಲ್ಲಿದೆ ಅಂತ ಕೇಳಿ ನಂಬರ್ ಬರೆದುಕೊಂಡು ಬನ್ನಿ.